ಸ್ಟೀರಾಯ್ಡ್ ಮಾತ್ರೆ ನುಂಗುತ್ತಿರುವ ನಾಯಿಗೆ ರೇಬೀಸ್ ಲಸಿಕೆ ಹಾಕಿಸಬಹುದೇ?

ಬೀದಿನಾಯಿಗಳ ವಿಚಾರದಲ್ಲಿ ಸುಪ್ರೀಂ ಕೋರ್ಟ್ 2025ರಲ್ಲಿ ಒಂದರ ಹಿಂದೆ ಒಂದು ಆದೇಶ ಹೊರಡಿಸಿತು. ಆಗಸ್ಟ್ 11ರಂದು ದೆಹಲಿ ಸುತ್ತಮುತ್ತಲ ಬೀದಿನಾಯಿಗಳನ್ನೆಲ್ಲ ಹಿಡಿದು ಆಶ್ರಯ ಕೇಂದ್ರಕ್ಕೆ ಸಾಗಿಸಿ ಎಂದಿತು. ಆಗಸ್ಟ್ 22ರಂದು ಅದನ್ನು ಸಡಿಲಿಸಿ, ಸಂತಾನಹರಣ ಶಸ್ತ್ರಚಿಕಿತ್ಸೆ, ಜಂತುಹುಳುವಿನ ಔಷಧಿ, ಲಸಿಕೆ ಮೂರೂ ಆದ ಮೇಲೆ ಹಿಡಿದ ಜಾಗಕ್ಕೇ ಬಿಡಿ, ರೇಬೀಸ್ ಶಂಕೆಯಿರುವ ಮತ್ತು ಮೇಲೆ ಎರಗುವ ನಾಯಿಗಳನ್ನು ಮಾತ್ರ ಬಿಡಬೇಡಿ ಎಂದಿತು. ನವೆಂಬರ್ 7ರಂದು ಶಾಲೆ, ಆಸ್ಪತ್ರೆ, ಬಸ್ ನಿಲ್ದಾಣ, ರೈಲು ನಿಲ್ದಾಣ, ಕ್ರೀಡಾಂಗಣಗಳ ಆವರಣದಿಂದ ಅವುಗಳನ್ನು ತೆರವುಗೊಳಿಸಿ ಎಂದಿತು. ಬೀದಿನಾಯಿಯ ಈ ಚರ್ಚೆ ಮನೆನಾಯಿಯ ಲಸಿಕೆ ಚೀಟಿಯವರೆಗೂ ಬಂತು.

ಅಲ್ಲಿಂದ ಹುಟ್ಟಿದ ಒಂದು ಗೊಂದಲಕ್ಕೆ ಬಿಡಿಸಿ ಉತ್ತರ ಹೇಳಬೇಕಾಗಿದೆ. ಚರ್ಮದ ತುರಿಕೆಗೋ, ಪ್ಲೇಟ್‌ಲೆಟ್ ಕುಸಿದಿದ್ದಕ್ಕೋ, ರಕ್ತಹೀನತೆಗೋ ಸ್ಟೀರಾಯ್ಡ್ ಮಾತ್ರೆ ಪಡೆಯುತ್ತಿರುವ ನಾಯಿಗೆ ಲಸಿಕೆ ಹಾಕಿಸಬಹುದೇ? ಹಾಕಿಸುವ ಮುಂಚೆ ಮಾತ್ರೆ ನಿಲ್ಲಿಸಬೇಕೇ? ದಾವಣಗೆರೆಯ ವಿದ್ಯಾನಗರದಲ್ಲಿರಲಿ, ಚಳ್ಳಕೆರೆ ಕಡೆಯ ಕುರಿಹಟ್ಟಿಯಲ್ಲಿರಲಿ, ನಾಯಿ ಸಾಕಿದವರಿಗೆ ಎದುರಾಗುವ ಪ್ರಶ್ನೆಯಿದು. ಚಿಕ್ಕ ಉತ್ತರ ಹೀಗೆ: ರೇಬೀಸ್ ಲಸಿಕೆಯಿಂದ ಆ ನಾಯಿಗೆ ರೋಗ ತಗಲುವ ಭಯವಿಲ್ಲ. ಲಸಿಕೆ ಹಾಕಿಸಬೇಕೆಂದು ತಾವೇ ಮಾತ್ರೆ ನಿಲ್ಲಿಸುವುದರಲ್ಲಿ ಮಾತ್ರ ಜೀವಕ್ಕೇ ಅಪಾಯವಿದೆ. ಏಕೆಂದು ತಿಳಿಯಲು ಈ ಔಷಧಗಳು ಒಳಗೆ ಏನು ಮಾಡುತ್ತವೆ ಎಂಬಲ್ಲಿಂದ ಶುರುಮಾಡಬೇಕು.

ಗೊಂದಲ ಎಲ್ಲಿಂದ ಬಂತು

ನಾಯಿಗಳ ತುರಿಕೆಗೆಂದು ಇಲುನೊಸಿಟಿನಿಬ್ ಎಂಬ ಹೊಸ ಮಾತ್ರೆಗೆ ಅಮೆರಿಕದ ಔಷಧ ನಿಯಂತ್ರಕರು 2024ರ ಸೆಪ್ಟೆಂಬರ್‌ನಲ್ಲಿ ಅನುಮತಿ ಕೊಟ್ಟರು. ಆಗ ಅದರ ಲೇಬಲ್ ಮೇಲೆ ಒಂದು ಕಟ್ಟುನಿಟ್ಟಿನ ಎಚ್ಚರಿಕೆ ಹಾಕಿಸಿದರು: ಲಸಿಕೆಗೆ ಕನಿಷ್ಠ 28 ದಿನದಿಂದ 3 ತಿಂಗಳು ಮೊದಲೇ ಮಾತ್ರೆ ನಿಲ್ಲಿಸಬೇಕು, ಲಸಿಕೆಯಾಗಿ 28 ದಿನ ಕಳೆಯುವವರೆಗೆ ಮತ್ತೆ ಶುರುಮಾಡಬಾರದು. ಇದನ್ನು ಮೊಬೈಲಿನಲ್ಲಿ ಓದಿದವರು ‘ರೋಗನಿರೋಧಕ ಶಕ್ತಿ ತಗ್ಗಿಸುವ ಎಲ್ಲ ಔಷಧಕ್ಕೂ ಇದೇ ನಿಯಮ’ ಎಂದುಕೊಂಡರೆ ಅನಾಹುತ ಅಲ್ಲಿಂದಲೇ ಶುರು. ತುರಿಕೆಯ ಆ ಮಾತ್ರೆ ನಿಲ್ಲಿಸಿದರೆ ತುರಿಕೆ ಮರಳುತ್ತದೆ, ಅಷ್ಟೇ. ತಿಂಗಳುಗಟ್ಟಲೆ ಕೊಟ್ಟ ಪ್ರೆಡ್ನಿಸೋಲೋನ್ ಎಂಬ ಸ್ಟೀರಾಯ್ಡನ್ನು ಒಂದೇ ದಿನ ನಿಲ್ಲಿಸಿದರೆ ನಾಯಿ ಕುಸಿದು ಬೀಳಬಹುದು.

ಇದರ ಜೊತೆಗೆ ಇನ್ನೊಂದು ಸುದ್ದಿಯೂ ಕಲಸಿಹೋಗಿದೆ. ರಣಹದ್ದುಗಳ ಸಾವಿಗೆ ಕಾರಣವೆಂದು ಡೈಕ್ಲೋಫೆನಾಕನ್ನು 2006ರಲ್ಲಿ, ಅಸಿಕ್ಲೋಫೆನಾಕ್ ಮತ್ತು ಕೀಟೋಪ್ರೊಫೆನ್‌ಗಳನ್ನು 2023ರಲ್ಲಿ ಪಶುಗಳಿಗೆ ಕೊಡದಂತೆ ಕೇಂದ್ರ ಸರ್ಕಾರ ನಿಷೇಧಿಸಿತು. ಅವು ನೋವು ನಿವಾರಕಗಳು. ಸ್ಟೀರಾಯ್ಡ್‌ಗೂ ಆ ನಿಷೇಧಕ್ಕೂ ಸಂಬಂಧವಿಲ್ಲ. ಮನುಷ್ಯರ ಮೆಡಿಕಲ್ ಶಾಪಿನಲ್ಲಿ ಸಿಗುವ ಪ್ರೆಡ್ನಿಸೋಲೋನ್ ಮತ್ತು ರೋಗನಿರೋಧಕ ಶಕ್ತಿ ತಗ್ಗಿಸುವ ಅಜಾಥಯೊಪ್ರಿನ್, ಮೈಕೊಫಿನೊಲೇಟ್ ಮಾತ್ರೆಗಳನ್ನು ಪಶುವೈದ್ಯರು ನಾಯಿಗೆ ಬರೆದುಕೊಡುವುದು ಸರಿಯಾದ ಕ್ರಮವೇ. ಪಶುಗಳಿಗೆಂದೇ ತಯಾರಾದ ರೂಪ ಅನೇಕ ಸಲ ಸಿಗುವುದೇ ಇಲ್ಲ.

ಕಾವಲುಗಾರನೇ ಮನೆಗೆ ಕನ್ನ ಹಾಕಿದಾಗ

ರೋಗನಿರೋಧಕ ವ್ಯವಸ್ಥೆಯ ಕೆಲಸ ಹೊರಗಿನಿಂದ ಬಂದ ಜೀವಾಣುವನ್ನು ಗುರುತು ಹಿಡಿದು ಕೊಲ್ಲುವುದು. ಕೆಲವೊಮ್ಮೆ ಆ ಗುರುತು ತಪ್ಪುತ್ತದೆ. ತನ್ನದೇ ಕೆಂಪು ರಕ್ತಕಣಕ್ಕೆ ಪ್ರತಿಕಾಯ (ಆ್ಯಂಟಿಬಾಡಿ) ಅಂಟಿಸಿ ಒಡೆಯತೊಡಗಿದರೆ ಒಸಡು ಬೆಳ್ಳಗಾಗುತ್ತದೆ, ಕಣ್ಣು ಹಳದಿಯಾಗುತ್ತದೆ, ಮೂತ್ರ ಕಡುಚಹಾದ ಬಣ್ಣಕ್ಕೆ ತಿರುಗುತ್ತದೆ. ಪ್ಲೇಟ್‌ಲೆಟ್ ಮೇಲೆ ದಾಳಿಯಾದರೆ ಹೊಟ್ಟೆಯ ಚರ್ಮದಲ್ಲಿ ಸೂಜಿಮೊನೆಯಷ್ಟು ಕೆಂಪು ಚುಕ್ಕೆಗಳೇಳುತ್ತವೆ, ಮೂಗಿನಿಂದ ರಕ್ತ ಬರುತ್ತದೆ. ಚರ್ಮದ ಕೋಶಗಳ ನಡುವಿನ ಬೆಸುಗೆಯ ಮೇಲೆ ದಾಳಿಯಾದರೆ ಮೂಗಿನ ಮೇಲ್ಭಾಗ, ಕಿವಿಯ ಅಂಚು, ಪಾದದಡಿ ಹುಣ್ಣಾಗಿ ಹೊಪ್ಪಳೆಗಟ್ಟುತ್ತವೆ. ಕೀಲು, ಕರುಳು, ಮೆದುಳಿನ ಪೊರೆಗಳಲ್ಲೂ ಹೀಗಾಗುವುದುಂಟು.

ಸ್ಟೀರಾಯ್ಡ್ ಈ ದಾಳಿಯನ್ನು ಗಂಟೆಗಳಿಂದ ದಿನಗಳೊಳಗೆ ತಗ್ಗಿಸುತ್ತದೆ. ಪ್ರತಿಕಾಯ ಅಂಟಿಕೊಂಡ ರಕ್ತಕಣವನ್ನು ನುಂಗುವ ಕೋಶಗಳನ್ನು ಮೊದಲು ಸುಮ್ಮನಾಗಿಸುತ್ತದೆ, ಪ್ರತಿಕಾಯದ ತಯಾರಿಯನ್ನು ಆಮೇಲೆ ಇಳಿಸುತ್ತದೆ. ಪ್ರಮಾಣ ಇಲ್ಲಿ ಬಹಳ ಮುಖ್ಯ. ತುರಿಕೆ, ಊತ ಇಳಿಸಲು ದಿನಕ್ಕೆ ಕೆ.ಜಿ.ಗೆ 0.5ರಿಂದ 1 ಮಿ.ಗ್ರಾಂ ಪ್ರೆಡ್ನಿಸೋಲೋನ್ ಸಾಕು. ದಾಳಿಯನ್ನೇ ಹತ್ತಿಕ್ಕಲು ನಾಯಿಗೆ ಕೆ.ಜಿ.ಗೆ ಸುಮಾರು 2 ಮಿ.ಗ್ರಾಂ ಬೇಕು. ದೇಹ ತಾನೇ ದಿನವೂ ತಯಾರಿಸಿಕೊಳ್ಳುವ ಸ್ಟೀರಾಯ್ಡನ್ನು ಇದೇ ಮಾತ್ರೆಯ ಲೆಕ್ಕಕ್ಕೆ ತಂದರೆ ಕೆ.ಜಿ.ಗೆ 0.1ರಿಂದ 0.2 ಮಿ.ಗ್ರಾಂ ಅಷ್ಟೇ. ಅಂದರೆ ನಾವು ಕೊಡುತ್ತಿರುವುದು ಸಹಜ ಮಟ್ಟಕ್ಕಿಂತ ಹತ್ತು ಪಟ್ಟು ಅಥವಾ ಅದಕ್ಕೂ ಹೆಚ್ಚು. 25 ಕೆ.ಜಿ. ದಾಟಿದ ದೊಡ್ಡ ನಾಯಿಗೆ ತೂಕಕ್ಕೆ ಗುಣಿಸುತ್ತಾ ಹೋದರೆ ಪ್ರಮಾಣ ಮಿತಿಮೀರುತ್ತದೆ. ಅದಕ್ಕೇ ಮೈಯ ವಿಸ್ತೀರ್ಣದ ಲೆಕ್ಕ ಹಿಡಿದು ಕಡಿಮೆ ಮಾಡುತ್ತಾರೆ. ಈ ಅಂಕಿಗಳು ಚೀಟಿಯಲ್ಲಿ ಬರೆದದ್ದನ್ನು ಅರ್ಥಮಾಡಿಕೊಳ್ಳಲು. ಮನೆಯಲ್ಲೇ ಡೋಸ್ ಕಟ್ಟಲು ಅಲ್ಲ.

ನಮ್ಮ ಕಡೆ ಮೊದಲು ಅನುಮಾನಿಸಬೇಕಾದದ್ದು ಉಣ್ಣೆಯನ್ನು

ಪುಸ್ತಕಗಳು ‘ಕಾರಣ ತಿಳಿಯದ’ ಸ್ವಯಂದಾಳಿಯ ಬಗ್ಗೆ ಪುಟಗಟ್ಟಲೆ ಹೇಳುತ್ತವೆ. ಚಿತ್ರದುರ್ಗ, ದಾವಣಗೆರೆಯ ಬಿಸಿಲಿನಲ್ಲಿ ಬೆಳೆದ ನಾಯಿಯ ಪ್ಲೇಟ್‌ಲೆಟ್ ಕುಸಿದಿದ್ದರೆ ಮೊದಲು ನೋಡಬೇಕಾದದ್ದು ಅದರ ಕಿವಿಯೊಳಗೆ ಮತ್ತು ಬೆರಳ ಸಂದಿಯಲ್ಲಿ ಕೂತ ಕಂದು ಉಣ್ಣೆಯನ್ನು. ಈ ಜಾತಿಯ ಉಣ್ಣೆ ಒಣಹವೆಗೆ ಹೆದರುವುದಿಲ್ಲ. ಗೋಡೆಯ ಬಿರುಕು, ಬಾಗಿಲ ಚೌಕಟ್ಟು, ನಾಯಿ ಮಲಗುವ ಗೋಣಿಚೀಲಗಳಲ್ಲೇ ಸಂಸಾರ ಹೂಡುತ್ತದೆ. ಒಂದು ಹೆಣ್ಣು ಸಾವಿರಾರು ಮೊಟ್ಟೆ ಇಡುತ್ತದೆ. ಜನ ‘ಟಿಕ್ ಫೀವರ್’ ಎನ್ನುವುದು ಒಂದೇ ಕಾಯಿಲೆಯಲ್ಲ. ಬಿಳಿ ರಕ್ತಕಣದೊಳಗೆ ಕೂರುವ ಎರ್ಲಿಕಿಯಾ, ಕೆಂಪು ಕಣದೊಳಗೆ ಕೂರುವ ಬಬೀಸಿಯಾ, ಪ್ಲೇಟ್‌ಲೆಟ್‌ನಲ್ಲೇ ಬೆಳೆಯುವ ಅನಾಪ್ಲಾಸ್ಮಾ ಎಲ್ಲವೂ ಆ ಹೆಸರಿನೊಳಗೆ ಬರುತ್ತವೆ.

ಈ ಸೋಂಕುಗಳು ರೋಗನಿರೋಧಕ ವ್ಯವಸ್ಥೆಯನ್ನು ಕೆರಳಿಸಿ, ಸೋಂಕಿಲ್ಲದ ರಕ್ತಕಣಗಳ ಮೇಲೂ ದಾಳಿ ಮಾಡಿಸುತ್ತವೆ. ಹೊರಗಿನಿಂದ ನೋಡಿದರೆ ಬರೀ ಸ್ವಯಂದಾಳಿ, ಉಣ್ಣೆಯ ಸೋಂಕು ಎರಡೂ ಒಂದೇ ರೀತಿ: ಬಿಳಿಚಿದ ಒಸಡು, ಕೆಂಪು ಚುಕ್ಕೆ, ಜ್ವರ, ಸುಸ್ತು. ಆದರೆ ಮೊದಲನೆಯದರಲ್ಲಿ ಸ್ಟೀರಾಯ್ಡೇ ಮುಖ್ಯ ಚಿಕಿತ್ಸೆ. ಇನ್ನೊಂದರಲ್ಲಿ ಕಳ್ಳ ಒಳಗಿರುವಾಗಲೇ ಕಾವಲುಗಾರನ ಕೈಕಟ್ಟಿದಂತೆ. ಬಬೀಸಿಯಾ ಇರುವ ನಾಯಿಗೆ ಬರೀ ಸ್ಟೀರಾಯ್ಡ್ ಕೊಟ್ಟರೆ ಎರಡು ದಿನ ಲವಲವಿಕೆ ಕಾಣಿಸಬಹುದು, ಒಳಗೆ ಪರೋಪಜೀವಿ ಮಾತ್ರ ಹೆಚ್ಚುತ್ತಲೇ ಇರುತ್ತದೆ.

ಬೇರ್ಪಡಿಸುವುದು ಹೇಗೆ? ದುಬಾರಿ ಯಂತ್ರಕ್ಕಿಂತ ಮೊದಲು ಒಂದು ಗಾಜಿನ ಸ್ಲೈಡ್ ಬೇಕು. ಒಂದು ಹನಿ ರಕ್ತ, ನಾಲ್ಕು ಹನಿ ಸಲೈನ್ ಹಾಕಿ ಸ್ಲೈಡನ್ನು ಮೆಲ್ಲಗೆ ಅತ್ತಿತ್ತ ಓಲಾಡಿಸಬೇಕು. ರಕ್ತಕಣಗಳು ನಾಣ್ಯದ ಸಾಲಿನಂತೆ ಸುಮ್ಮನೆ ಒತ್ತಾಗಿ ಕೂತಿದ್ದರೆ ಸಲೈನ್ ತಗಲಿದೊಡನೆ ಚದುರಿಹೋಗುತ್ತವೆ. ಪ್ರತಿಕಾಯ ಅಂಟಿ ಗಂಟುಕಟ್ಟಿದ್ದರೆ ಕೆಂಪು ರವೆಯ ಹಾಗೆ ಉಂಡೆಯುಂಡೆಯಾಗಿ ಉಳಿಯುತ್ತವೆ. ಬರಿಗಣ್ಣಿಗೂ ಕಾಣುತ್ತದೆ, ಸೂಕ್ಷ್ಮದರ್ಶಕದಲ್ಲಿ ಖಚಿತಪಡಿಸಿಕೊಳ್ಳಬೇಕು. ಇನ್ನೊಂದು ಸ್ಲೈಡಿನ ಮೇಲೆ ತೆಳುವಾಗಿ ರಕ್ತ ಎಳೆದು ಬಣ್ಣ ಹಾಕಿ, ಎಣ್ಣೆ ಹನಿಸಿ ಸಾವಿರ ಪಟ್ಟು ದೊಡ್ಡದು ಮಾಡಿ ನೋಡಿದಾಗ ಒಂದು ನೋಟದಲ್ಲಿ ಕಾಣುವ ಪ್ರತಿ ಪ್ಲೇಟ್‌ಲೆಟ್‌ಗೆ ಸುಮಾರು 15,000 ಎಂದು ಲೆಕ್ಕ. ಹತ್ತು ಕಂಡರೆ ಒಂದೂವರೆ ಲಕ್ಷ, ಚಿಂತೆಯಿಲ್ಲ. ಎರಡೋ ಮೂರೋ ಇದ್ದರೆ ತಾನಾಗೇ ರಕ್ತ ಸೋರುವ ಮಟ್ಟದ ಹತ್ತಿರಕ್ಕೆ ಬಂದಿದೆ. ಕಿವಿಯ ಅಂಚಿನಿಂದ ತೆಗೆದ ಹನಿಯಲ್ಲಿ ಬಬೀಸಿಯಾ ಸಿಗುವ ಸಾಧ್ಯತೆ ಹೆಚ್ಚು. ಸಿಗಲಿಲ್ಲ ಎಂದರೆ ಇಲ್ಲವೆಂದು ಅರ್ಥವಲ್ಲ. ಹಳೆಯದಾದ ಎರ್ಲಿಕಿಯಾ ಸ್ಲೈಡಿನಲ್ಲಿ ಕಾಣುವುದೇ ಅಪರೂಪ. ಅದಕ್ಕೆ ಪ್ರತಿಕಾಯದ ಕಿಟ್ ಅಥವಾ ಪಿಸಿಆರ್ ಬೇಕಾಗುತ್ತದೆ.

ನಮ್ಮ ಊರುಗಳಲ್ಲಿ ನಾಯಿಯ ರಕ್ತ ಮನುಷ್ಯರ ಲ್ಯಾಬಿಗೆ ಹೋಗುವುದೂ ಉಂಟು. ಮನುಷ್ಯರ ರಕ್ತಕಣದ ಗಾತ್ರಕ್ಕೆ ಹೊಂದಿಸಿದ ಯಂತ್ರ ನಾಯಿಯ, ಅದರಲ್ಲೂ ಬೆಕ್ಕಿನ ಪ್ಲೇಟ್‌ಲೆಟನ್ನು ತಪ್ಪಾಗಿ ಎಣಿಸುತ್ತದೆ. ಬೆಕ್ಕಿನ ಕೆಂಪು ಕಣ ಚಿಕ್ಕದು, ಪ್ಲೇಟ್‌ಲೆಟ್ ದೊಡ್ಡದು, ಜೊತೆಗೆ ಅವು ಗುಂಪುಕಟ್ಟುತ್ತವೆ. ‘ಪ್ಲೇಟ್‌ಲೆಟ್ 20,000’ ಎಂಬ ಮುದ್ರಿತ ಚೀಟಿ ಹಿಡಿದು ಆರೋಗ್ಯವಾಗಿರುವ ಬೆಕ್ಕಿಗೆ ಸ್ಟೀರಾಯ್ಡ್ ಶುರುಮಾಡುವ ತಪ್ಪು ಹೀಗೇ ಆಗುವುದು. ಯಾವ ಪ್ರಾಣಿಯ ರಕ್ತವೆಂದು ಟ್ಯೂಬಿನ ಮೇಲೆ ಬರೆಯಿರಿ. ನೇರಳೆ ಮುಚ್ಚಳದ ಟ್ಯೂಬಿಗೆ ಗೆರೆಯ ತನಕ ರಕ್ತ ತುಂಬಿಸಿ. ಸ್ಲೈಡನ್ನು ರಕ್ತ ತೆಗೆದ ಜಾಗದಲ್ಲೇ ಎಳೆದು ಒಣಗಿಸಿ. ಶಿವಮೊಗ್ಗದ ಪಶುವೈದ್ಯಕೀಯ ಕಾಲೇಜಿಗೆ ಕಳಿಸುವುದಾದರೆ ಟ್ಯೂಬು ತಣ್ಣಗಿರಬೇಕು, ಮಂಜುಗಡ್ಡೆಯಾಗಬಾರದು. ಬಸ್ಸಿನಲ್ಲಿ ಕಳಿಸುವವರು ಐಸ್ ಪ್ಯಾಕಿಗೂ ಟ್ಯೂಬಿಗೂ ನಡುವೆ ಒಂದು ಪದರ ಬಟ್ಟೆ ಸುತ್ತಿದರೆ ಸಾಕು.

ಮೊದಲು ಪರೀಕ್ಷೆಯೋ, ಮೊದಲು ಸೂಜಿಯೋ

ವೈದ್ಯರಲ್ಲೇ ಇಲ್ಲಿ ಎರಡು ಅಭಿಪ್ರಾಯವಿದೆ. ಎರಡರಲ್ಲೂ ಹುರುಳಿದೆ. ಒಂದು ಕಡೆಯವರು ಹೇಳುವುದು: ಒಸಡು ಕಾಗದದಂತೆ ಬಿಳಿಚಿದ ನಾಯಿ ಫಲಿತಾಂಶಕ್ಕೆ ಮೂರು ದಿನ ಕಾಯುವುದಿಲ್ಲ, ಸ್ಟೀರಾಯ್ಡ್ ಈಗಲೇ ಬೇಕು. ಇನ್ನೊಂದು ಕಡೆಯವರು ಹೇಳುವುದು: ಡೆಕ್ಸಾಮೆಥಾಸೋನ್ ಎಂಬ ಸ್ಟೀರಾಯ್ಡಿನ ಒಂದು ಸೂಜಿ ಬಿದ್ದ ಮೇಲೆ ರಕ್ತದ ಚಿತ್ರವೇ ಬದಲಾಗುತ್ತದೆ, ಲಿಂಫೋಮಾದಂಥ ಕ್ಯಾನ್ಸರ್ ಮರೆಯಾಗುತ್ತದೆ, ಆಮೇಲೆ ಏನು ಪರೀಕ್ಷೆ ಮಾಡಿದರೂ ಉತ್ತರ ಮಸುಕು.

ಇವೆರಡನ್ನೂ ಜೋಡಿಸುವ ದಾರಿಗೆ ಹೆಚ್ಚುವರಿ ಹತ್ತು ನಿಮಿಷ ಹಿಡಿಯುತ್ತದೆ, ಹೆಚ್ಚಿನ ದುಡ್ಡೂ ಬೇಡ. ಔಷಧಿಯ ಸೂಜಿಗೆ ಮೊದಲು ರಕ್ತದ ಸೂಜಿ. ಎರಡು ಸ್ಲೈಡು, ಒಂದು ಟ್ಯೂಬು ತೆಗೆದಿಟ್ಟು, ಅದೇ ಗಂಟೆಯಲ್ಲಿ ಚಿಕಿತ್ಸೆ ಶುರು. ಉಣ್ಣೆಯ ಅನುಮಾನ ಇರುವಲ್ಲಿ ಸ್ಟೀರಾಯ್ಡ್ ಜೊತೆಯಲ್ಲೇ ಡಾಕ್ಸಿಸೈಕ್ಲಿನ್ ಎಂಬ ಆ್ಯಂಟಿಬಯೋಟಿಕ್ ಕೂಡ: ಕೆ.ಜಿ.ಗೆ ದಿನಕ್ಕೆ 10 ಮಿ.ಗ್ರಾಂ, 28 ದಿನ. ಹತ್ತು ಕೆ.ಜಿ. ನಾಯಿಗೆ ದಿನಕ್ಕೊಂದು 100 ಮಿ.ಗ್ರಾಂ ಮಾತ್ರೆ. ಊಟದ ಜೊತೆ ಕೊಡಬಹುದು, ಹಾಲನ್ನದಲ್ಲಿ ಮಾತ್ರ ಬೇಡ. ಹಾಲಿನ ಸುಣ್ಣದಂಶ ಔಷಧಿಯನ್ನು ಕಟ್ಟಿಹಾಕುತ್ತದೆ. ಡಾಕ್ಸಿಸೈಕ್ಲಿನ್‌ಗೆ ಬಬೀಸಿಯಾ ಜಗ್ಗುವುದಿಲ್ಲ, ಅದು ಸಿಕ್ಕರೆ ಚಿಕಿತ್ಸೆಯೇ ಬೇರೆ. ಎರ್ಲಿಕಿಯಾ ಖಚಿತವಾದರೆ ಸ್ಟೀರಾಯ್ಡ್ ಕೆಲವೇ ದಿನಕ್ಕೆ ಸಾಕು, ಎಷ್ಟೋ ಸಲ ಬೇಡವೇ ಬೇಡ. ಸ್ವಯಂದಾಳಿ ಎಂದು ಖಚಿತವಾದರೆ ತಿಂಗಳುಗಳ ದಾರಿ. ಈ ಕವಲು ಗೊತ್ತಾಗುವುದು ಮೊದಲ ದಿನ ರಕ್ತ ತೆಗೆದಿಟ್ಟಿದ್ದರೆ ಮಾತ್ರ. ಹಾಗಾಗಿ ರಕ್ತ ತೆಗೆಯದೆ ಸ್ಟೀರಾಯ್ಡ್ ಚುಚ್ಚುವುದನ್ನು ತುರ್ತಿನ ಹೆಸರಿನಲ್ಲಿ ಒಪ್ಪುವಂತಿಲ್ಲ. ನಾಯಿಯ ಕಡೆಯವರು ‘ಡಾಕ್ಟ್ರೇ, ಮೊದ್ಲು ಬ್ಲಡ್ ತಗೊಂಡ್ಬಿಡಿ’ ಎಂದು ಕೇಳಿದರೆ ಅದು ಅಧಿಕಪ್ರಸಂಗವಲ್ಲ.

ಇಪ್ಪತ್ತು ಕೆ.ಜಿ. ನಾಯಿಯ ಐದು ತಿಂಗಳು

ಸ್ವಯಂದಾಳಿಯ ರಕ್ತಹೀನತೆ ಎಂದು ಗೊತ್ತಾದ 20 ಕೆ.ಜಿ. ನಾಯಿಗೆ ದಿನಕ್ಕೆ 40 ಮಿ.ಗ್ರಾಂ, ಅಂದರೆ 20ರ ಎರಡು ಮಾತ್ರೆ. ರಕ್ತದಲ್ಲಿ ಕೆಂಪು ಕಣದ ಪಾಲು ಶೇ 30 ದಾಟಿ ಎರಡು ವಾರ ಅಲ್ಲೇ ನಿಂತ ಮೇಲೆ ಇಳಿಸುವ ಕೆಲಸ. ಒಂದೊಂದು ಸಲಕ್ಕೆ ಸುಮಾರು ಕಾಲುಭಾಗದಿಂದ ಮೂರನೇ ಒಂದು ಭಾಗ, ಕೊನೆಯಲ್ಲಿ ಅರ್ಧ, ಮೂರು ವಾರಕ್ಕೊಮ್ಮೆ: 40 ಇದ್ದದ್ದು 30, ಆಮೇಲೆ 20, 15, 10, 5, ಕೊನೆಗೆ ದಿನ ಬಿಟ್ಟು ದಿನ 5. ಎಲ್ಲ ಸರಾಗವಾಗಿ ನಡೆದರೂ ಐದು ತಿಂಗಳು ಹಿಡಿಯುತ್ತದೆ. ಪ್ರತಿ ಮೆಟ್ಟಿಲು ಇಳಿಯುವ ಮೊದಲು ರಕ್ತ ನೋಡಬೇಕು. ಮೆಟ್ಟಿಲು ಹಾರಿ ಇಳಿದರೆ ರೋಗ ಮರಳುತ್ತದೆ, ಮರಳಿದಾಗ ಮೊದಲಿನ ಪ್ರಮಾಣಕ್ಕೆ ಬಗ್ಗುತ್ತದೆಂಬ ಖಾತ್ರಿಯಿಲ್ಲ.

ಇಷ್ಟು ನಿಧಾನವೇಕೆ? ರೋಗ ಮರಳುವ ಭಯ ಒಂದು. ಎರಡನೆಯದು ಮೂತ್ರಪಿಂಡದ ಪಕ್ಕದಲ್ಲಿರುವ ಅಡ್ರಿನಲ್ ಗ್ರಂಥಿ. ಹೊರಗಿನಿಂದ ಹೇರಳವಾಗಿ ಸ್ಟೀರಾಯ್ಡ್ ಬರುತ್ತಿದ್ದರೆ ಮೆದುಳು ‘ಇನ್ನು ತಯಾರಿಸಬೇಡ’ ಎಂದು ಆ ಗ್ರಂಥಿಗೆ ಹೋಗುವ ಸಂದೇಶವನ್ನೇ ನಿಲ್ಲಿಸುತ್ತದೆ. ಕೆಲಸವಿಲ್ಲದ ಗ್ರಂಥಿ ಕುಗ್ಗುತ್ತದೆ. ಹೀಗಿರುವಾಗ ಮಾತ್ರೆ ಥಟ್ಟನೆ ನಿಂತರೆ ಮನೆಯಲ್ಲಿ ಕಾಳಿಲ್ಲ, ಅಂಗಡಿಯೂ ಮುಚ್ಚಿದೆ ಎಂಬಂತಾಗುತ್ತದೆ. ವಾಂತಿ, ಭೇದಿ, ನಡುಕ, ಎದ್ದುನಿಲ್ಲಲಾಗದ ಸುಸ್ತು. ದೀಪಾವಳಿಯ ಪಟಾಕಿ, ದೂರ ಪ್ರಯಾಣ, ಆಪರೇಷನ್ ಇಂಥ ಒತ್ತಡ ಬಿದ್ದ ದಿನ ಕುಸಿಯುತ್ತದೆ. ಮಾತ್ರೆ ಖಾಲಿಯಾಯಿತೆಂದೋ, ನಾಯಿ ಚೆನ್ನಾಗಿದೆಯೆಂದೋ, ಲಸಿಕೆ ಹಾಕಿಸಬೇಕೆಂದೋ ನಿಲ್ಲಿಸಿದರೂ ಒಳಗೆ ಆಗುವುದು ಇದೇ. ಒಂದು ದಿನ ಮರೆತರೆ ನೆನಪಾದಾಗ ಕೊಡಿ. ಮರುದಿನ ಎರಡು ಪಾಲು ಸೇರಿಸಿ ಕೊಡಬೇಡಿ.

ಅಡ್ಡಪರಿಣಾಮ ಮೊದಲ ವಾರದಲ್ಲೇ ಕಾಣುತ್ತದೆ. ಬಟ್ಟಲುಗಟ್ಟಲೆ ನೀರು ಕುಡಿಯುತ್ತದೆ, ಮನೆಯೊಳಗೇ ಉಚ್ಚೆ ಹೊಯ್ಯುತ್ತದೆ, ಏದುಸಿರು ಬಿಡುತ್ತದೆ, ಹಸಿವಿಗೆ ಮಿತಿಯಿರುವುದಿಲ್ಲ. ನೀರು ಕಡಿಮೆ ಮಾಡಬೇಡಿ. ಹೊರಗೆ ಕರೆದೊಯ್ಯುವ ಸಲ ಹೆಚ್ಚಿಸಿ. ಹಸಿವಿಗೆ ಮರುಗಿ ಬೆಣ್ಣೆ ದೋಸೆಯ ತುಂಡು, ಮಿರ್ಚಿ ಎಂದು ಕೊಟ್ಟರೆ ಜಿಡ್ಡಿಗೆ ಮೇದೋಜೀರಕ ಗ್ರಂಥಿ ಊದಿಕೊಂಡು ಹೊಸ ಕಾಯಿಲೆ ತಂದುಕೊಂಡಂತೆ. ತಿಂಗಳುಗಳಾದ ಮೇಲೆ ಹೊಟ್ಟೆ ಜೋಲುತ್ತದೆ, ತೊಡೆ ಸೊರಗುತ್ತದೆ, ಚರ್ಮ ತೆಳುವಾಗುತ್ತದೆ. ಮೂತ್ರದ ಸೋಂಕು ಉರಿಯೂ ಇಲ್ಲದೆ ಬರುತ್ತದೆ. ಉರಿ ಎಂಬುದೇ ಊತದ ಗುರುತು, ಆ ಊತವನ್ನು ಔಷಧಿ ಅಡಗಿಸಿರುತ್ತದೆ. ಕುಂಟುತ್ತಿದೆಯೆಂದು ಈ ನಡುವೆ ಮೆಲಾಕ್ಸಿಕಾಂನಂಥ ನೋವಿನ ಔಷಧಿ ಸೇರಿಸಿದರೆ ಜಠರದಲ್ಲಿ ಹುಣ್ಣಾಗಿ ತೂತು ಬೀಳಬಹುದು. ಕಪ್ಪು ಟಾರಿನಂಥ ಮಲ ಕಂಡ ದಿನವೇ ವೈದ್ಯರಿಗೆ ತೋರಿಸಬೇಕು.

ಎರಡನೇ ಔಷಧ ಬಂದಾಗ

ಸ್ಟೀರಾಯ್ಡನ್ನು ಬೇಗ ಇಳಿಸಲು, ಅಥವಾ ಅದೊಂದರಿಂದ ರೋಗ ಹತೋಟಿಗೆ ಬರದಾಗ ಎರಡನೆಯದನ್ನು ಸೇರಿಸುತ್ತಾರೆ. ಮೊದಲ ದಿನವೇ ಸೇರಿಸಬೇಕೋ, ವಾರ ಕಾದು ನೋಡಬೇಕೋ ಎಂಬುದರಲ್ಲಿ ಒಮ್ಮತವಿಲ್ಲ. ರೋಗ ತೀವ್ರವಿದ್ದರೆ, ಸ್ಟೀರಾಯ್ಡ್ ತಡೆಯಲಾಗದ ದೊಡ್ಡ ತಳಿಯಾದರೆ ಬೇಗ ಸೇರಿಸುವುದೇ ಮೇಲು. ಖರ್ಚು, ಸೋಂಕಿನ ಭಯ ಎರಡೂ ಹೆಚ್ಚುತ್ತವೆ ಎಂಬುದು ಎದುರು ವಾದ. ಉಣ್ಣೆಯ ಸೋಂಕು ಇನ್ನೂ ತಳ್ಳಿಹಾಕಿಲ್ಲದ ನಾಯಿಯಲ್ಲಿ ಕಾಯುವುದಕ್ಕೇ ಹೆಚ್ಚು ತೂಕ ಕೊಡಬೇಕು.

ಅಜಾಥಯೊಪ್ರಿನ್ ಅಗ್ಗ. ನಾಯಿಗೆ ಕೆ.ಜಿ.ಗೆ 2 ಮಿ.ಗ್ರಾಂನಿಂದ ಶುರು. ಕೆಲಸ ಕಾಣಲು ವಾರಗಳು ಬೇಕು. ಮೂಳೆಮಜ್ಜೆಯನ್ನೂ ಯಕೃತ್ತನ್ನೂ ಪೀಡಿಸಬಹುದು, ಆದ್ದರಿಂದ ಮೊದಲ ಎರಡು ತಿಂಗಳು ಹದಿನೈದು ದಿನಕ್ಕೊಮ್ಮೆ ರಕ್ತಪರೀಕ್ಷೆ. ಮಾತ್ರೆ ಮುರಿಯಬಾರದು, ಬರಿಗೈಯಲ್ಲಿ ಮುಟ್ಟಬಾರದು, ಗರ್ಭಿಣಿಯರು ದೂರವಿರಬೇಕು. ಸೈಕ್ಲೋಸ್ಪೋರಿನ್ ದುಬಾರಿ, ಮೂಳೆಮಜ್ಜೆಗೆ ಸೌಮ್ಯ. ಚರ್ಮದ ಅಲರ್ಜಿಗೆ ಕೆ.ಜಿ.ಗೆ 5 ಮಿ.ಗ್ರಾಂ. ಊಟಕ್ಕೆ ಒಂದು ಗಂಟೆ ಮೊದಲು ಅಥವಾ ಎರಡು ಗಂಟೆ ನಂತರ ಖಾಲಿ ಹೊಟ್ಟೆಗೆ ಕೊಡಬೇಕು. ಮುದ್ದೆಯೊಳಗೆ ಹುದುಗಿಸಿ ಕೊಡುವ ನಮ್ಮ ರೂಢಿ ಇಲ್ಲಿ ನಡೆಯದು. ಮೊದಲ ದಿನಗಳಲ್ಲಿ ವಾಂತಿ ಸಾಮಾನ್ಯ, ತಿಂಗಳುಗಳಾದ ಮೇಲೆ ಒಸಡು ದಪ್ಪಗಾಗುವುದುಂಟು. ಮೈಕೊಫಿನೊಲೇಟ್ ಬೇಗ ಕೆಲಸ ಮಾಡುತ್ತದೆ, ಅದರ ಕಾಟವೆಲ್ಲ ಭೇದಿಯದು.

ಸ್ವಯಂದಾಳಿಯ ರಕ್ತಹೀನತೆಯಲ್ಲಿ ಬಹಳ ನಾಯಿಗಳು ಸಾಯುವುದು ರಕ್ತ ಕಡಿಮೆಯಾಗಿ ಅಲ್ಲ, ಶ್ವಾಸಕೋಶದಲ್ಲಿ ರಕ್ತ ಹೆಪ್ಪುಗಟ್ಟಿ. ಅದಕ್ಕೇ ಪ್ಲೇಟ್‌ಲೆಟ್ ತೀರಾ ಕಡಿಮೆಯಿಲ್ಲದಿದ್ದರೆ ರಕ್ತ ಹೆಪ್ಪುಗಟ್ಟುವುದನ್ನು ತಡೆಯುವ ಕ್ಲೋಪಿಡೋಗ್ರೆಲ್ ಸೇರಿಸುತ್ತಾರೆ. ಚೀಟಿಯಲ್ಲಿ ‘ಹಾರ್ಟ್ ಮಾತ್ರೆ’ ಕಂಡು ತಪ್ಪಿ ಬರೆದಿದ್ದಾರೆಂದು ಬಿಡಬೇಡಿ.

ಬೆಕ್ಕಿಗೆ ನಾಯಿಯ ಚೀಟಿ ನಡೆಯದು

ಅಜಾಥಯೊಪ್ರಿನ್ ಅನ್ನು ಒಡೆಯುವ ಕಿಣ್ವ ಬೆಕ್ಕಿನಲ್ಲಿ ತೀರಾ ಕಡಿಮೆ. ನಾಯಿಯ ಪ್ರಮಾಣ ಕೊಟ್ಟರೆ ಮೂಳೆಮಜ್ಜೆ ಬತ್ತಿಹೋಗುತ್ತದೆ. ಕೊಡಲೇಬಾರದು. ಪ್ರೆಡ್ನಿಸೋನ್ ಎಂಬುದನ್ನು ಪ್ರೆಡ್ನಿಸೋಲೋನ್ ಆಗಿ ಮಾರ್ಪಡಿಸಿಕೊಳ್ಳುವ ಶಕ್ತಿಯೂ ಬೆಕ್ಕಿನ ಯಕೃತ್ತಿಗೆ ಸಾಲದು. ಆದ್ದರಿಂದ ಹೆಸರಿನ ಕೊನೆಯ ‘ಲೋನ್’ ಇದೆಯೇ ಎಂದು ನೋಡಿಕೊಳ್ಳಬೇಕು. ಬೆಕ್ಕು ಸ್ಟೀರಾಯ್ಡನ್ನು ನಾಯಿಗಿಂತ ಚೆನ್ನಾಗಿ ತಡೆದುಕೊಳ್ಳುತ್ತದೆ, ಪ್ರಮಾಣವೂ ಹೆಚ್ಚು ಬೇಕಾಗುತ್ತದೆ. ಆದರೆ ಸಿಹಿಮೂತ್ರ ಬರುವ ಭಯ ಹೆಚ್ಚು. ಸೈಕ್ಲೋಸ್ಪೋರಿನ್ ಪಡೆಯುವ ಬೆಕ್ಕಿಗೆ ಹಸಿಮಾಂಸ ಹಾಕಬಾರದು, ಇಲಿ ಹಿಡಿಯಲು ಹೊರಗೆ ಬಿಡಬಾರದು. ಟಾಕ್ಸೊಪ್ಲಾಸ್ಮಾ ಸೋಂಕು ತಗಲಿದರೆ ತಡೆಯುವ ಶಕ್ತಿ ಆಗ ಇರುವುದಿಲ್ಲ. ಬೆಕ್ಕಿಗೆ ಡಾಕ್ಸಿಸೈಕ್ಲಿನ್ ಮಾತ್ರೆ ಕೊಟ್ಟ ಮೇಲೆ ಸಿರಿಂಜಿನಲ್ಲಿ 5 ಮಿ.ಲೀ. ನೀರು ಕುಡಿಸಿ. ಅನ್ನನಾಳದಲ್ಲಿ ಸಿಕ್ಕಿಕೊಂಡ ಮಾತ್ರೆ ಸುಟ್ಟು ಗಾಯಮಾಡಿ ನಾಳವನ್ನೇ ಕಿರಿದಾಗಿಸುತ್ತದೆ.

ಇದರ ನಡುವೆ, ಅಂಗಾಂಗ ಕಸಿಯಾದ ಮನುಷ್ಯರಿಗೆ ಕೊಡುವ ಸಿರೊಲಿಮಸ್ ಔಷಧಕ್ಕೆ, ಹೃದಯದ ಸ್ನಾಯು ದಪ್ಪಗಾಗುವ ಕಾಯಿಲೆಯಿರುವ ಬೆಕ್ಕುಗಳಿಗೆಂದು 2025ರ ಮಾರ್ಚ್‌ನಲ್ಲಿ ಅಮೆರಿಕ ಷರತ್ತಿನ ಅನುಮತಿ ಕೊಟ್ಟಿತು. ಷರತ್ತಿನದು ಎಂದರೆ ಸುರಕ್ಷತೆ ತೋರಿಸಿದ್ದಾರೆ, ಪೂರ್ತಿ ಪರಿಣಾಮವನ್ನು ಇನ್ನೂ ಸಾಬೀತು ಮಾಡಬೇಕು. ವಾರಕ್ಕೊಮ್ಮೆ, ಕಡಿಮೆ ಪ್ರಮಾಣದಲ್ಲಿ, ಲಕ್ಷಣ ಕಾಣುವ ಮೊದಲಿನ ಹಂತಕ್ಕೆ ಮಾತ್ರ. ಆಯಸ್ಸು ಹೆಚ್ಚಿಸುವ ಮಾತ್ರೆಯೆಂದು ಮನುಷ್ಯರ ಸಿರೊಲಿಮಸ್ ತಂದು ಬೆಕ್ಕಿಗೆ ನುಂಗಿಸಲು ಅದು ಪರವಾನಗಿಯಲ್ಲ.

ಹಾಗಾದರೆ ಲಸಿಕೆ?

ಲಸಿಕೆಗಳಲ್ಲಿ ಎರಡು ಬಗೆ. ರೇಬೀಸ್ ಮತ್ತು ಲೆಪ್ಟೊಸ್ಪೈರಾ ಲಸಿಕೆಗಳಲ್ಲಿ ಇರುವುದು ಸತ್ತ ಜೀವಾಣು. ಎಂಥ ದುರ್ಬಲ ನಾಯಿಯಲ್ಲೂ ಅದು ಮರುಜೀವ ಪಡೆಯಲಾರದು. ಡಿಸ್ಟೆಂಪರ್, ಪಾರ್ವೊ, ಅಡಿನೊವೈರಸ್ ಸೇರಿದ ಸಂಯುಕ್ತ ಲಸಿಕೆಯಲ್ಲಿ ಇರುವುದು ಬಲಗುಂದಿಸಿದ, ಆದರೆ ಜೀವಂತ ವೈರಸ್. ರೋಗನಿರೋಧಕ ಶಕ್ತಿಯನ್ನು ಹತ್ತಿಕ್ಕುವ ಪ್ರಮಾಣದ ಔಷಧ ನಡೆಯುತ್ತಿರುವಾಗ ಇದನ್ನು ಮುಂದೂಡುವುದೇ ಕ್ರಮ. ಮೊದಲೇ ಸರಿಯಾಗಿ ಲಸಿಕೆಯಾದ ದೊಡ್ಡ ನಾಯಿಗೆ ಇದರ ರಕ್ಷಣೆ ವರ್ಷಗಟ್ಟಲೆ ಉಳಿಯುವುದರಿಂದ ಕೆಲವು ತಿಂಗಳು ತಡವಾದರೆ ನಷ್ಟವಿಲ್ಲ. ಮರಿಗಳ ಮಾತು ಬೇರೆ. ಅವಕ್ಕೆ ಯಾವಾಗ ಎಂದು ವೈದ್ಯರೇ ತೂಗಿ ನೋಡಬೇಕು.

ರೇಬೀಸ್ ಲಸಿಕೆಯ ವಿಷಯದಲ್ಲಿ ಪ್ರಶ್ನೆ ಅಪಾಯದ್ದಲ್ಲ, ಫಲದ್ದು. ಸ್ಟೀರಾಯ್ಡ್ ನಡೆಯುತ್ತಿದ್ದರೂ ನಾಯಿಗಳು ಸಾಮಾನ್ಯವಾಗಿ ಪ್ರತಿಕಾಯ ತಯಾರಿಸುತ್ತವೆ. ಎರಡು ಮೂರು ಔಷಧ ಸೇರಿದಾಗ, ಮೊದಲ ಬಾರಿಗೆ ಲಸಿಕೆ ಪಡೆಯುವ ನಾಯಿಯಲ್ಲಿ, ಅದು ಕಡಿಮೆಯಾಗಬಹುದು. ಆದ್ದರಿಂದ ಹೀಗೆ ಮಾಡುವುದು ಸರಿ: ಹಿಂದೆ ಲಸಿಕೆಯಾಗಿದ್ದು, ಅವಧಿ ಇನ್ನೂ ಇದ್ದರೆ ಔಷಧಿ ಇಳಿಯುವವರೆಗೆ ಕಾಯಬಹುದು. ಅವಧಿ ಮುಗಿದಿದ್ದರೆ ಅಥವಾ ಎಂದೂ ಹಾಕಿಸಿಲ್ಲದಿದ್ದರೆ, ಬೀದಿನಾಯಿಗಳ ಒಡನಾಟ ಇರುವ ನಮ್ಮ ಊರುಗಳಲ್ಲಿ, ಮಾತ್ರೆ ನಡೆಯುತ್ತಿರುವಾಗಲೇ ಹಾಕಿಸಿ, ಔಷಧಿ ಪೂರ್ತಿ ನಿಂತ ಕೆಲವು ವಾರಗಳ ನಂತರ ಇನ್ನೊಮ್ಮೆ ಹಾಕಿಸಿ. ರಕ್ತದಲ್ಲಿ ಮಿ.ಲೀ.ಗೆ 0.5 ಅಂತರರಾಷ್ಟ್ರೀಯ ಯೂನಿಟ್ ಪ್ರತಿಕಾಯ ಇದ್ದರೆ ಲಸಿಕೆ ಹಿಡಿದಿದೆ ಎಂದು ಲೆಕ್ಕ.

ಲಸಿಕೆಯೇ ಸ್ವಯಂದಾಳಿಯನ್ನು ಮತ್ತೆ ಕೆರಳಿಸಬಹುದೇ ಎಂಬ ಅಂಜಿಕೆ ಕೆಲವು ವೈದ್ಯರಿಗೆ ಇದೆ. ಇದಕ್ಕೆ ಗಟ್ಟಿಯಾದ ಪುರಾವೆ ಸಿಕ್ಕಿಲ್ಲ, ಪೂರ್ತಿ ತಳ್ಳಿಹಾಕಲೂ ಆಗಿಲ್ಲ. ಹಾಗಾಗಿ ಒಂದೇ ದಿನ ಎಲ್ಲ ಲಸಿಕೆ ಬೇಡ, ಅತ್ಯಗತ್ಯವಾದದ್ದು ಮಾತ್ರ ಸಾಕು ಎನ್ನುವುದು ಒಪ್ಪತಕ್ಕ ಎಚ್ಚರಿಕೆ. ಆದರೆ ರೇಬೀಸ್ ಲಕ್ಷಣ ಕಂಡ ಮೇಲೆ ಬದುಕಿಸಲಾಗದ ರೋಗ. ಅದನ್ನು ಆ ಅಂಜಿಕೆಯ ತಕ್ಕಡಿಯಲ್ಲಿ ಇಡಬಾರದು. ಸ್ಟೀರಾಯ್ಡ್ ಪಡೆಯುತ್ತಿರುವ ಲಸಿಕೆಯಾದ ನಾಯಿ ಯಾರಿಗಾದರೂ ಕಚ್ಚಿದರೂ ಅಷ್ಟೇ: ಹದಿನೈದು ನಿಮಿಷ ಸೋಪು ನೀರಿನಲ್ಲಿ ತೊಳೆದು ಆಸ್ಪತ್ರೆಗೆ ಹೋಗುವುದು.

ಬೀದಿಯಲ್ಲಿ ಅನ್ನ ಹಾಕುವವರ ಕಷ್ಟ

ಓಣಿಯ ನಾಯಿಗೆ ದಿನಾ ಅನ್ನ ಹಾಕುವವರು ಅದರ ಹುಣ್ಣು, ತುರಿಕೆಗೂ ಚಿಕಿತ್ಸೆ ಕೊಡಿಸುತ್ತಾರೆ. ದಿನವೂ ಹಿಡಿದು ಮಾತ್ರೆ ನುಂಗಿಸಲಾಗುವುದಿಲ್ಲವೆಂದು ವಾರಗಟ್ಟಲೆ ದೇಹದಲ್ಲಿ ಉಳಿಯುವ ಸ್ಟೀರಾಯ್ಡ್ ಇಂಜೆಕ್ಷನ್ ಕೊಡಿಸುವುದುಂಟು. ಅದು ಸೋಂಕಿನ ಹುಣ್ಣಾಗಿದ್ದರೆ, ಕಜ್ಜಿಯಾಗಿದ್ದರೆ, ಒಮ್ಮೆ ಒಳಗೆ ಹೋದ ಔಷಧವನ್ನು ಹಿಂದೆ ತೆಗೆಯಲಾಗದು. ಬೀದಿನಾಯಿಯ ಕೂದಲು ಉದುರುವ ಕಾಯಿಲೆಗಳಲ್ಲಿ ಹೆಚ್ಚಿನವು ಹುಳುಕಜ್ಜಿ ಮತ್ತು ಕೂದಲ ಬುಡದಲ್ಲಿ ಬದುಕುವ ಡೆಮೊಡೆಕ್ಸ್ ಎಂಬ ನುಸಿಯ ಕಾಟ. ಸ್ಟೀರಾಯ್ಡ್‌ನಿಂದ ಡೆಮೊಡೆಕ್ಸ್ ಹಬ್ಬುತ್ತದೆ. ಚರ್ಮ ಕೆರೆದು ಸೂಕ್ಷ್ಮದರ್ಶಕದಲ್ಲಿ ನೋಡುವ ಐದು ನಿಮಿಷದ ಕೆಲಸವನ್ನು ಬಿಡಬಾರದು.

2023ರ ಪ್ರಾಣಿ ಸಂತಾನ ನಿಯಂತ್ರಣ ನಿಯಮಗಳಡಿ ನಾಯಿ ಹಿಡಿಯುವ ಕೆಲಸ ಚುರುಕಾದರೆ ಇಂಥ ನಾಯಿಗಳು ಶಸ್ತ್ರಚಿಕಿತ್ಸೆಯ ಮೇಜಿಗೂ ಹೋಗುತ್ತವೆ. ಸ್ಟೀರಾಯ್ಡ್ ದೇಹದಲ್ಲಿರುವಾಗ ಹೊಲಿಗೆ ಬೇಗ ಕೂಡುವುದಿಲ್ಲ, ಸೋಂಕು ಬೇಗ ಹತ್ತುತ್ತದೆ. ಉಣ್ಣೆ ಜ್ವರದಿಂದ ಪ್ಲೇಟ್‌ಲೆಟ್ ಕಡಿಮೆಯಿದ್ದರೆ ಗರ್ಭಕೋಶ ತೆಗೆಯುವಾಗ ರಕ್ತ ನಿಲ್ಲುವುದಿಲ್ಲ. ಅನ್ನ ಹಾಕುವವರು ಒಂದು ನೋಟ್‌ಬುಕ್ಕಿನಲ್ಲಿ ಯಾವ ನಾಯಿಗೆ, ಯಾವ ದಿನ, ಯಾವ ಇಂಜೆಕ್ಷನ್ ಎಂದು ಬರೆದಿಟ್ಟು ಹಿಡಿಯಲು ಬಂದವರಿಗೆ ತೋರಿಸಿದರೆ ಆ ಜೀವ ಉಳಿಯಬಹುದು. ಶಸ್ತ್ರಚಿಕಿತ್ಸೆಗೆ ಮುಂಚೆ ಒಂದು ಸ್ಲೈಡ್ ನೋಡುವ ವ್ಯವಸ್ಥೆ ಪ್ರತಿ ಕೇಂದ್ರದಲ್ಲೂ ಇರಬೇಕೆಂದು ನಗರ ಸಂಸ್ಥೆಗಳು ಗುತ್ತಿಗೆಯ ಷರತ್ತಿನಲ್ಲೇ ಸೇರಿಸುವುದು ನ್ಯಾಯ.

ಕೌಂಟರಿನ ಮುಂದೆ

ಪ್ರೆಡ್ನಿಸೋಲೋನ್ ಚೀಟಿಯಿಲ್ಲದೆ ಮಾರಬಾರದ ಔಷಧ. ಆದರೂ ‘ಹೋದ ಸಲದ್ದೇ ಕೊಡಿ’ ಎಂದರೆ ಸಿಗುವುದುಂಟು. ಇಲ್ಲಿ ಆಗುವ ದೊಡ್ಡ ತಪ್ಪು ಹೆಸರಿನದು. ಡೆಕ್ಸಾಮೆಥಾಸೋನ್ ಪ್ರೆಡ್ನಿಸೋಲೋನ್‌ಗಿಂತ ಸುಮಾರು ಏಳು ಪಟ್ಟು ಬಲವಾದದ್ದು. ‘ಎರಡೂ ಸ್ಟೀರಾಯ್ಡೇ’ ಎಂದು ಮಿ.ಗ್ರಾಂಗೆ ಮಿ.ಗ್ರಾಂ ಬದಲಿಸಿದರೆ ಏಳು ಪಟ್ಟು ಡೋಸ್ ಕೊಟ್ಟಂತೆ. ಬೇರೆ ಕಂಪನಿಯ ಅದೇ ಔಷಧ ತೆಗೆದುಕೊಂಡರೂ 5, 10, 20, 40 ಯಾವ ಮಿ.ಗ್ರಾಂ ಎಂದು ಪಟ್ಟಿಯ ಹಿಂಬದಿ ನೋಡಲೇಬೇಕು.

ಮಾತ್ರೆ ಎಷ್ಟು ಸರಿಯಾಗಿ ಕೊಟ್ಟರೂ ಗೋಡೆಯ ಬಿರುಕಿನಲ್ಲಿ ಉಣ್ಣೆ ಉಳಿದಿದ್ದರೆ ಇಳಿಸುವ ಹಂತದಲ್ಲೇ ಹೊಸ ಸೋಂಕು ತಗಲುತ್ತದೆ, ಆಗ ‘ರೋಗ ಮರಳಿತು’ ಎಂದು ಸ್ಟೀರಾಯ್ಡ್ ಮತ್ತೆ ಏರುತ್ತದೆ. ಫ್ಲುರಲಾನರ್‌ನಂಥ ಮಾತ್ರೆ ಉಣ್ಣೆಯ ಮೇಲೆ ಹನ್ನೆರಡು ವಾರ, ಅಫಾಕ್ಸೊಲಾನರ್ ಒಂದು ತಿಂಗಳು ಕೆಲಸ ಮಾಡುತ್ತವೆ. ಫಿಟ್ಸ್ ಬರುವ ನಾಯಿಯಾದರೆ ವೈದ್ಯರಿಗೆ ಮೊದಲೇ ಹೇಳಬೇಕು. ದನಕ್ಕೆ ತಂದ ಉಣ್ಣೆ ಔಷಧಿಯನ್ನು ಅಂದಾಜಿನಲ್ಲಿ ನೀರು ಬೆರೆಸಿ ನಾಯಿಗೆ ಹಚ್ಚಬೇಡಿ. ನಾಯಿಯ ಕತ್ತಿಗೆ ಹಾಕುವ ಪರ್ಮೆಥ್ರಿನ್ ಹನಿಯನ್ನು ಬೆಕ್ಕಿಗೆ ಎಂದೂ ಹಾಕಬೇಡಿ, ಅದಕ್ಕೆ ಅದು ವಿಷ. ನಾಯಿ ಮಲಗುವ ಗೋಣಿಚೀಲವನ್ನು ವಾರಕ್ಕೊಮ್ಮೆ ಕುದಿಯುವ ನೀರಿಗೆ ಹಾಕಿ, ಚೌಕಟ್ಟಿನ ಸಂದುಗಳಿಗೆ ಸಿಮೆಂಟ್ ತುಂಬಿ, ಮೊದಲ ಸುತ್ತಿನ ಮೂರು ವಾರಗಳ ನಂತರ ಇನ್ನೊಮ್ಮೆ ಪರೀಕ್ಷಿಸಿ. ಮೊಟ್ಟೆಯೊಡೆದ ಮರಿಗಳು ಎಳ್ಳುಕಾಳಿಗಿಂತ ಚಿಕ್ಕವು. ಬೆಳಕಿಗೆ ಹಿಡಿದು ಕಿವಿಯ ಮಡಿಕೆಯೊಳಗೆ ನೋಡಿದರೆ ಕಾಣುತ್ತವೆ.